ಮರದ ಮೇಲೆ ನಿಂತವನ ವರ್ಕ್‌ಡನ್ ಎಷ್ಟು?

ನಮ್ಮ ಮನೇಲಿ ಇಬ್ಬರು ಸೈನ್ಸ್ ಓದ್ತಿದೀವಿ. ನಾನು ಇಲ್ಲೇ ತಿಪಟೂರಲ್ಲಿ ಮೆಕ್ಯಾನಿಕಲ್, ಎರಡನೇ ವರ್ಷ. ದೊಡ್ಡಪ್ಪನ ಮಗಳು, ಅಂದರೆ ನಮ್ಮಕ್ಕ, ಮಣಿಪಾಲದಲ್ಲಿ ಬಿಎಸ್‌ಸಿ ಎಕ್ಸರ್‌ಸೈಜ್ ಅಂಡ್ ಸ್ಪೋರ್ಟ್ಸ್ ಸೈನ್ಸಸ್. ನೆಂಟರು ಬಂದಾಗ ನನ್ನ ಓದಿನ ಬಗ್ಗೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ. "ಇಂಜಿನಿಯರಿಂಗಾ? ಒಳ್ಳೇದು" ಅಂದು ಕಾಫಿ ಮುಗಿಸ್ತಾರೆ. ಅಕ್ಕನ ಸರದಿ ಬಂದರೆ ಮಾತ್ರ ಲೋಟ ಅರ್ಧದಲ್ಲೇ ನಿಲ್ಲುತ್ತೆ. "ಸ್ಪೋರ್ಟ್ಸು ಅಂದ್ರೆ... ಪಿಟಿ ಟೀಚರ್ ಆಗ್ತೀಯೇನಮ್ಮ?"

ಅಕ್ಕ ಮೊದಮೊದಲು ವಿವರಿಸ್ತಿದ್ದಳು. ಪಿಟಿ ಟೀಚರ್ ಆಗೋಕೆ ಬಿ.ಪಿ.ಎಡ್ ಬೇರೆ ಇದೆ, ನಂದು ಬೇರೆ. ಆಡುವಾಗ, ದುಡಿಯುವಾಗ ಮೈಯೊಳಗೆ ಏನಾಗುತ್ತೆ ಅನ್ನೋದನ್ನ ಅಳೆದು ನೋಡೋದು ನಮ್ಮ ಓದು ಅಂತ. ಅನಾಟಮಿ, ಫಿಸಿಯಾಲಜಿ, ಬಯೋಮೆಕ್ಯಾನಿಕ್ಸ್, ನ್ಯೂಟ್ರಿಷನ್, ಸೈಕಾಲಜಿ ಅಂತ ಒಂದೊಂದೇ ಹೆಸರು ಹೇಳ್ತಿದ್ದಳು. ಈಗ "ಹೂಂ, ಹಂಗೇ ಅನ್ಕೊಳಿ" ಅಂತ ಹೇಳಿ ಒಳಗೆ ಹೋಗ್ತಾಳೆ.

ಅವಳು ಈ ಕೋರ್ಸಿಗೆ ಹೋಗಿದ್ದಕ್ಕೆ ಒಂದು ಮಂಡಿ ಕಾರಣ. ಶಾಲೇಲಿ ಖೋ ಖೋ ಆಡ್ತಿದ್ದಳು. ಹತ್ತನೇ ಕ್ಲಾಸಲ್ಲಿ ಒಂದು ಮ್ಯಾಚಲ್ಲಿ ಓಡ್ತಾ ಓಡ್ತಾ ಸರಕ್ಕನೆ ತಿರುಗಿದಳು, ಕಾಲು ಅಲ್ಲೇ ನಿಂತಿತು, ಮಂಡಿ ತಿರುಚಿಕೊಂಡಿತು. ಯಾರೂ ಮುಟ್ಟಿರಲೂ ಇಲ್ಲ. ಊರಲ್ಲಿ ಎಣ್ಣೆ ಹಾಕಿ ನೀವಿದರು, ಕಟ್ಟು ಕಟ್ಟಿದರು. ಒಳಗೆ ಲಿಗಮೆಂಟ್ ಹರಿದಿದೆ ಅಂತ ಗೊತ್ತಾಗೋಕೆ ಎಂಟು ತಿಂಗಳು ಹಿಡೀತು. ಅಲ್ಲಿಗೆ ಆಟ ಮುಗೀತು. ಆದರೆ ಅವಳ ತಲೇಲಿ ಪ್ರಶ್ನೆ ಉಳೀತು: ಯಾರೂ ಮುಟ್ಟದೆ ಹೆಂಗೆ ಹರೀತು? ತಡೀಬಹುದಿತ್ತಾ? ತಡೀಬಹುದಿತ್ತು ಅನ್ನೋದು ಅವಳಿಗೆ ಕಾಲೇಜಲ್ಲಿ ಗೊತ್ತಾಯ್ತು. ಫುಟ್ಬಾಲ್‌ನವರು ಮಾಡಿರೋ 'ಫಿಫಾ 11+' ಅಂತ ಇಪ್ಪತ್ತು ನಿಮಿಷದ ಒಂದು ವಾರ್ಮಪ್ ಇದೆ. ನೆಗೆದಾಗ, ತಿರುಗಿದಾಗ ಮಂಡಿ ಒಳಕ್ಕೆ ವಾಲದ ಹಾಗೆ ಕಾಲನ್ನ ಪಳಗಿಸೋ ಕಸರತ್ತು. ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡೋ ತಂಡಗಳಲ್ಲಿ ಗಾಯ ಕಮ್ಮಿ ಆಗಿರೋದು ಲೆಕ್ಕದಲ್ಲೇ ಕಂಡಿದೆ. ನಮ್ಮ ಕಡೆ ಶಾಲೆಗಳಲ್ಲಿ ವಾರ್ಮಪ್ ಅಂದ್ರೆ ಗ್ರೌಂಡ್ ಸುತ್ತ ಎರಡು ರೌಂಡು, ಅಷ್ಟೇ.

ಅಕ್ಕ ಸೇರಿದ್ದು 2023ರಲ್ಲಿ. ಆ ವರ್ಷ ನೆನಪಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ರೂಪಾಯಿ ಅಂತ ಪೇಪರಲ್ಲಿತ್ತು, ತಿಪಟೂರು ಮಾರ್ಕೆಟ್ಟಲ್ಲಿ ಹರಾಜು ಅದಕ್ಕಿಂತ ಎಷ್ಟೋ ಕೆಳಗೆ ನಡೀತಿತ್ತು. ಬೆಲೆ ಬರ್ಲಿ ಅಂತ ಎಲ್ಲರೂ ಅಟ್ಟದ ಮೇಲಿನ ಕಾಯಿ ಮುಟ್ಟದೆ ಕಾಯ್ತಿದ್ದಾಗ, ದೊಡ್ಡಪ್ಪ ಅಟ್ಟ ಖಾಲಿ ಮಾಡಿ ಸಿಕ್ಕಿದ ರೇಟಿಗೆ ಕೊಟ್ಟು ಮಗಳ ಫೀಸು ಕಟ್ಟಿದರು. ಬೈಕೊಂಡೇ ಕಟ್ಟಿದರು. "ಆಟದ ಡಿಗ್ರಿಗೆ ಅಟ್ಟ ಬರಿದಾಯ್ತು" ಅನ್ನೋ ಮಾತು ಈಗಲೂ ಮನೇಲಿ ಓಡಾಡುತ್ತೆ.

ಮಾರನೇ ವರ್ಷ ನನ್ನ ಸರದಿ. ನಾನೂ ಪಿಯು ತನಕ 800 ಮೀಟರ್ ಓಡ್ತಿದ್ದೆ. "ಲೋ, ನೀನೂ ಬಾ, ನಿಂಗೆ ಇಷ್ಟ ಆಗುತ್ತೆ" ಅಂತ ಅಕ್ಕ ಕರೆದಳು. ನಾನು ದೊಡ್ಡಪ್ಪನ ಮುಖ ನೋಡಿದೆ, ಅಪ್ಪನ ಮುಖ ನೋಡಿದೆ, ಸಿಇಟಿ ಆಪ್ಷನ್ ಎಂಟ್ರೀಲಿ ಮೆಕ್ಯಾನಿಕಲ್ ಒತ್ತಿದೆ. ಮೆಕ್ಯಾನಿಕಲ್ ಇಷ್ಟ ಇಲ್ಲ ಅಂತಲ್ಲ. ಆದರೆ ಆವತ್ತು ಒತ್ತಿದ್ದು ಇಷ್ಟಕ್ಕಲ್ಲ, ಭಯಕ್ಕೆ.

ಹೋದ ದೀಪಾವಳಿ ರಜೇಲಿ ಇಬ್ಬರೂ ಊರಲ್ಲಿದ್ವಿ. ನಮ್ಮೂರು ತುರುವೇಕೆರೆ ತಾಲ್ಲೂಕು. ಅವತ್ತು ಕಾಯಿ ಕೀಳೋ ದಿನ. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಅಣ್ಣ ಎಷ್ಟೋ ವರ್ಷದಿಂದ ನಮ್ಮ ತೋಟಕ್ಕೆ ಬರ್ತಾನೆ. ವಯಸ್ಸು ನಲವತ್ತೇಳು. ಕಾಲಿಗೆ ಹಗ್ಗದ ಬಳೆ, ಸೊಂಟಕ್ಕೆ ಮಚ್ಚು. ನೋಡ್ತಾ ನೋಡ್ತಾ ಮೇಲೆ ಹೋಗಿಬಿಡ್ತಾನೆ. ದಿನಕ್ಕೆ ನಲವತ್ತು ಮರ.

ಇಂಜಿನಿಯರ್ ತಲೆ ನೋಡಿ, ಸುಮ್ಮನಿರಲಿಲ್ಲ. ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ತೂಕ 60 ಕೆಜಿ, ಮರ 15 ಮೀಟರ್. 60 ಇಂಟು 9.8 ಇಂಟು 15, ಅಂದರೆ 8,820 ಜೂಲ್. ಹತ್ತೋಕೆ ಒಂದು ನಿಮಿಷ, ಅಂದರೆ 147 ವಾಟ್. ಎರಡು ಸೀಲಿಂಗ್ ಫ್ಯಾನ್ ತಿರುಗಿಸೋ ಪವರ್. ನಲವತ್ತು ಮರಕ್ಕೆ ಒಟ್ಟು ಸುಮಾರು 84 ಕಿಲೋ ಕ್ಯಾಲರಿ. "ಅಕ್ಕಾ, ಇಷ್ಟೇನಾ? ಒಂದು ಚಪಾತಿ ತಿಂದ್ರೆ ಮುಗೀತಲ್ಲ!" ಅಂದೆ.

"ಹಂಗಾದ್ರೆ ನೀನು ಒಂದು ಚಪಾತಿ ತಿಂದು ನಲವತ್ತು ಮರ ಹತ್ತು" ಅಂದಳು.

ಆಮೇಲೆ ಕೂರಿಸಿಕೊಂಡು ಹೇಳಿದಳು. ಮೊದಲನೇದು, ನಮ್ಮ ಸ್ನಾಯುವಿನ ಎಫಿಷಿಯನ್ಸಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು. ಉಳಿದದ್ದೆಲ್ಲ ಶಾಖ. ಅಲ್ಲಿಗೆ ನನ್ನ 84 ಆಗಲೇ 400 ಮುಟ್ಟಿತು. ಎರಡನೇದು, ಇಳಿಯೋದನ್ನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಳಿಯುವಾಗ ಸ್ನಾಯು ಉದ್ದ ಆಗ್ತಾ ಆಗ್ತಾ ಭಾರ ತಡೀಬೇಕು. ಮಾರನೇ ದಿನ ಮೈಕೈ ನೋವು ಬರೋದು ಹೆಚ್ಚಾಗಿ ಅದರಿಂದಲೇ. ಮೂರನೇದು ಕೇಳಿ ನಾನು ಸುಮ್ಮನಾದೆ. "ಮೇಲೆ ಹೋದ್ಮೇಲೆ ಒಂದು ಕೈಲಿ ಮರ ಹಿಡ್ಕೊಂಡು, ಕಾಲಲ್ಲಿ ಮರ ಅಪ್ಕೊಂಡು, ಇನ್ನೊಂದು ಕೈಲಿ ಗೊನೆ ಕಡೀತಾನಲ್ಲ, ಆಗ ನಿನ್ನ ಫಾರ್ಮುಲಾ ಪ್ರಕಾರ ವರ್ಕ್‌ಡನ್ ಎಷ್ಟು?"

ಫೋರ್ಸ್ ಇಂಟು ಡಿಸ್‌ಪ್ಲೇಸ್‌ಮೆಂಟ್. ಡಿಸ್‌ಪ್ಲೇಸ್‌ಮೆಂಟ್ ಸೊನ್ನೆ. "ಝೀರೋ" ಅಂದೆ.

ಅಷ್ಟರಲ್ಲಿ ಅಣ್ಣ ಇಳಿದು ಬಂದು ನೀರು ಕುಡೀತಿದ್ದ. ಏನು ಲೆಕ್ಕ ಅಂತ ಕೇಳಿದ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. 'ವರ್ಕ್' ಅಂದರೆ ನನಗೆ ಮೊದಲು ನೆನಪಾಗೋದು ಫಿಸಿಕ್ಸ್ ಪುಸ್ತಕ. ಯೋಚನೆ ಮಾಡದೆ ಕನ್ನಡಕ್ಕೆ ತಂದುಬಿಟ್ಟೆ: "ಮರದ ಮೇಲೆ ಅಲ್ಲಾಡದೆ ನಿಂತಿರ್ತೀಯಲ್ಲಣ್ಣ, ಆಗ ನೀನು ಮಾಡಿದ ಕೆಲಸ ಸೊನ್ನೆ ಅಂತ."

ಅವನು ನಗಲಿಲ್ಲ. "ಸೊನ್ನೆನಾ?" ಅಂದು ಬಲಗೈಲಿ ಎಡ ಭುಜ ಒತ್ತಿಕೊಂಡ. ನನಗೆ ನಾಲಿಗೆ ಕಚ್ಚಿಕೊಳ್ಳೋ ಹಾಗಾಯ್ತು.

ಅಕ್ಕ ಅವನಿಗೂ ನನಗೂ ಸೇರಿಸಿ ಹೇಳಿದಳು. ಅಲ್ಲಾಡದೆ ಬಿಗಿ ಹಿಡಿದಾಗಲೂ ಸ್ನಾಯುವಿನ ಒಳಗೆ ಎಳೆಗಳು ಹಿಡಿಯೋದು ಬಿಡೋದು ನಡೀತಾನೇ ಇರುತ್ತೆ, ಶಕ್ತಿ ಖರ್ಚಾಗ್ತಾನೇ ಇರುತ್ತೆ. ಹೊರಗೆ ಕಾಣೋ ಕೆಲಸ ಸೊನ್ನೆ, ಒಳಗಿನ ಖರ್ಚು ಸೊನ್ನೆ ಅಲ್ಲ. ಮೇಲಾಗಿ, ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅಮುಕುತ್ತೆ. ರಕ್ತ ಸರಿಯಾಗಿ ಹರಿಯಲ್ಲ, ಬಿಪಿ ಏರುತ್ತೆ, ಅದಕ್ಕೇ ಮುಂಗೈ ಉರಿಯೋದು. ನಂಬಿಕೆ ಬರದಿದ್ದರೆ ಹಾಸ್ಟೆಲ್ ಬಾಗಿಲ ಚೌಕಟ್ಟಿಗೆ ಒಂದು ನಿಮಿಷ ಜೋತು ಬೀಳಿ, ಗೊತ್ತಾಗುತ್ತೆ.

ಆಮೇಲೆ ಅವಳು ನಾಡಿ ಹಿಡಿದಳು. ಬೆಳಗ್ಗೆ ಕೂತಿದ್ದಾಗ ನಿಮಿಷಕ್ಕೆ 64 ಇತ್ತಂತೆ. ಒಂಬತ್ತನೇ ಮರ ಇಳಿದ ತಕ್ಷಣ ಹದಿನೈದು ಸೆಕೆಂಡಿಗೆ 38, ಅಂದರೆ 152. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತದ ಅಂದಾಜು ಸಿಗುತ್ತೆ, ಇವನಿಗೆ 173. ಅದು ಬರೀ ಸರಾಸರಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಆಚೀಚೆ ಆಗುತ್ತೆ. ಆದರೂ 152 ಅಂದರೆ ಸುಮಾರು ನೂರಕ್ಕೆ 88. ನಾನು 800 ಮೀಟರ್‌ಗೆ ಗಟ್ಟಿ ಟ್ರೇನಿಂಗ್ ಮಾಡ್ತಿದ್ದಾಗ ಇರ್ತಿದ್ದ ಮಟ್ಟ ಅದು.

ಗುನ್ನಾರ್ ಬೋರ್ಗ್ ಅಂತ ಸ್ವೀಡನ್ನಿನ ವಿಜ್ಞಾನಿ ಒಂದು ಸ್ಕೇಲ್ ಮಾಡಿದಾರೆ. 6ರಿಂದ 20ರ ತನಕ. ಎಷ್ಟು ಕಷ್ಟ ಆಗ್ತಿದೆ ಅಂತ ಆಳನ್ನೇ ಕೇಳೋದು. 6ರಿಂದ ಯಾಕೆ ಶುರು ಅಂದ್ರೆ, ಹೇಳಿದ ನಂಬರಿಗೆ ಒಂದು ಸೊನ್ನೆ ಸೇರಿಸಿದರೆ ಹೆಚ್ಚೂಕಮ್ಮಿ ಎದೆಬಡಿತ ಸಿಗಲಿ ಅಂತ. ಅಕ್ಕ ಕೇಳಿದಳು. ಅಣ್ಣ "ಏನಿಲ್ಲ ಕಣವ್ವ, ಸಲೀಸು" ಅಂದ. ಸಲೀಸು ಅಂದರೆ ಸ್ಕೇಲಲ್ಲಿ 11. ನಾಡಿ ಹೇಳ್ತಿದ್ದದ್ದು 15.

"ಸ್ಕೇಲ್ ತಪ್ಪಾ?" ಅಂದೆ.

"ಸ್ಕೇಲ್ ಸರಿಯಾಗೇ ಇದೆ. ಎದುರಿಗೆ ನಮ್ಮಪ್ಪ ನಿಂತಿದಾರೆ. ಕಷ್ಟ ಆಗ್ತಿದೆ ಅಂದ್ರೆ ಮುಂದಿನ ಸಲ ಬೇರೆಯವರನ್ನ ಕರೆದ್ರೆ?"

ಅಲ್ಲಿವರೆಗೂ ನಾನು ಅವಳ ಓದನ್ನ ಆಟಗಾರರಿಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ. ಅವತ್ತು ಬೇರೆ ಥರ ಕಾಣೋಕೆ ಶುರುವಾಯ್ತು.

2020ರ ಫೆಬ್ರವರಿ ನೆನಪಿದೆಯಾ? ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೇನ 13.62 ಸೆಕೆಂಡಲ್ಲಿ ಓಡಿದರು. ಯಾರೋ ಅದನ್ನ ಭಾಗಿಸಿ ನೂರು ಮೀಟರಿಗೆ 9.55 ಅಂದರು, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಲ್ಲಿ ಮಾಡಿದ ರೆಕಾರ್ಡ್ 9.58. ದೇಶವೆಲ್ಲ ವಾಟ್ಸಾಪಲ್ಲಿ ಕುಣೀತು. ಕ್ರೀಡಾ ಸಚಿವರು ಸಾಯ್ ಟ್ರಯಲ್‌ಗೆ ಕರೆದರು. ಕೋಣಗಳ ಜೊತೆ ಹಗ್ಗ ಹಿಡಿದು ಕೆಸರಲ್ಲಿ ಓಡೋದೇ ಬೇರೆ, ಬ್ಲಾಕಿಂದ ಎದ್ದು ಟ್ರ್ಯಾಕಲ್ಲಿ ಓಡೋದೇ ಬೇರೆ. ಆ ವ್ಯತ್ಯಾಸ ಸರಿಯಾಗಿ ಹೇಳಿದವರು ಶ್ರೀನಿವಾಸ ಗೌಡರೇ. ನನ್ನನ್ನ ಬೋಲ್ಟ್ ಜೊತೆ ಹೋಲಿಸಬೇಡಿ ಅಂದರು, ಟ್ರಯಲ್‌ಗೆ ಹೋಗದೆ ಕಂಬಳದಲ್ಲೇ ಉಳಿದರು. ಅಕ್ಕ ಇದನ್ನ ಆಗಾಗ ಹೇಳ್ತಾಳೆ. ದುಡಿಯೋ ಮೈಯನ್ನ ಸರಿಯಾಗಿ ಅಳೆಯದಿದ್ದರೆ ನಮಗೆ ಗೊತ್ತಿರೋದು ಎರಡೇ ಮಾತು: ಒಂದೋ 'ಸೂಪರ್‌ಮ್ಯಾನ್', ಇಲ್ಲಾ 'ಕೂಲಿ'. ನಾನು ಅವತ್ತು ಆ ಅಣ್ಣನಿಗೆ ಎರಡನ್ನೂ ಅಂದಿದ್ದೆ. ಬೆಳಗ್ಗೆ 'ಸ್ಪೈಡರ್‌ಮ್ಯಾನ್' ಅಂತ ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ದೆ, ಮಧ್ಯಾಹ್ನ 'ಸೊನ್ನೆ' ಅಂದಿದ್ದೆ.

ನಮ್ಮ ಕಡೆ ಮರದ ಬಗ್ಗೆ ವಿಜ್ಞಾನಕ್ಕೆ ಬರ ಇಲ್ಲ. ನುಸಿ ಬಂದರೆ, ಕಪ್ಪುತಲೆ ಹುಳ ಬಂದರೆ, ಕಾಂಡ ಸೋರಿದರೆ ಕೇಳೋಕೆ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಮಣ್ಣು ಟೆಸ್ಟ್ ಮಾಡಿಸ್ತೀವಿ. ತೆಂಗು ಅಭಿವೃದ್ಧಿ ಮಂಡಳಿ ಮೆಷಿನ್ ಕಟ್ಟಿಕೊಂಡು ಮರ ಹತ್ತೋ ತರಬೇತಿನೂ ಕೊಡ್ತಿದೆ. ಆದರೆ ನಮ್ಮ ತೋಟದಲ್ಲಿ ಮರಕ್ಕೆ ಯಾವ ಗೊಬ್ಬರ ಎಷ್ಟು ಅಂತ ಡೈರಿ ಇದೆ, ಮರ ಹತ್ತೋನ ಭುಜ ಯಾವಾಗಿಂದ ನೋಯ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೇಳಿದಾಗ ಅವನು "ಎರಡು ವರ್ಷ ಆಯ್ತು" ಅಂದ.

"ನಿನ್ನ ಓದಲ್ಲಿ ಇದಕ್ಕೆ ಏನಾರ ಐತೇನವ್ವ?" ಅಂತ ಕೇಳಿದ.

ಅಕ್ಕ ದೊಡ್ಡ ಮಾತಾಡಲಿಲ್ಲ. "ನಾನು ಡಾಕ್ಟರಲ್ಲಣ್ಣ. ಭುಜ ಡಾಕ್ಟರಿಗೆ ತೋರಿಸ್ಲೇಬೇಕು. ನಾನು ಹೇಳಬಹುದಾದ್ದು ಇಷ್ಟೇ, ಒಂದೇ ದಿನ ನಲವತ್ತು ಮರ ಬೇಡ. ನಾಲ್ಕು ಮರ ಹತ್ತಿದ್ಮೇಲೆ ಹತ್ತು ನಿಮಿಷ ಕೂತ್ಕೊ, ನೀರು ಕುಡಿ, ನಾಡಿ ಇಳೀಲಿ. ಸುಸ್ತಾದ ಕೈ ಹಿಡಿತ ಬಿಡುತ್ತೆ, ಅದು ಐವತ್ತು ಅಡಿ ಮೇಲೆ ಬಿಡಬಾರದು."

ಮಾತು ಸರಿ. ಆದರೆ ಹಂಗೆ ಮಾಡಿದರೆ ಒಂದು ದಿನದ ಕೆಲಸ ಎರಡು ದಿನ ಆಗುತ್ತೆ. ಎರಡನೇ ದಿನದ ಕೂಲಿ ಯಾರು ಕೊಡೋದು? ಎಲ್ಲರೂ ದೊಡ್ಡಪ್ಪನ ಕಡೆ ನೋಡಿದ್ವಿ. ದೊಡ್ಡಪ್ಪ ಕಾಯಿ ರಾಶಿ ಕಡೆ ನೋಡಿದರು. ಏನೂ ಹೇಳದೆ ಮನೆ ಕಡೆ ನಡೆದರು. ಅಕ್ಕನ ಮುಖ ಸಣ್ಣದಾಯ್ತು. ಕೋರ್ಸ್ ಸೇರುವಾಗ ಆದ ಜಗಳಕ್ಕಿಂತ ಇದು ಅವಳಿಗೆ ಜಾಸ್ತಿ ತಾಕಿತು ಅನ್ಸುತ್ತೆ.

ಸಂಜೆ ಅವಳ ಬೇಜಾರು ಕಳೆಯೋಕೆ "ನನ್ನನ್ನೂ ಟೆಸ್ಟ್ ಮಾಡು" ಅಂದೆ. 1943ರ ಹಾರ್ವರ್ಡ್ ಸ್ಟೆಪ್ ಟೆಸ್ಟ್. ಲ್ಯಾಬ್ ಬೇಡ, 20 ಇಂಚು ಎತ್ತರದ ಜಗಲಿ ಸಾಕು. ನಿಮಿಷಕ್ಕೆ 30 ಸಲ ಹತ್ತಿ ಇಳೀಬೇಕು, ಐದು ನಿಮಿಷ. ಮುಗಿದ ಮೇಲೆ ಒಂದು, ಎರಡು, ಮೂರನೇ ನಿಮಿಷ ಕಳೆದಾಗ ಅರ್ಧರ್ಧ ನಿಮಿಷ ನಾಡಿ ಎಣಿಸಬೇಕು. ಹತ್ತಿದ ಸೆಕೆಂಡುಗಳನ್ನ ನೂರರಿಂದ ಗುಣಿಸಿ, ನಾಡಿಯ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು. ನಾನು 190 ಸೆಕೆಂಡಿಗೇ ಜಗಲಿ ಮೇಲೆ ಬಿದ್ದುಕೊಂಡೆ. ನಾಡಿ 75, 66, 60. ಸ್ಕೋರು 47. 55ಕ್ಕಿಂತ ಕಮ್ಮಿ ಬಂದರೆ 'ಪೂರ್' ಅಂತೆ. ಒಂದು ಕಾಲದ 800 ಮೀಟರ್ ಓಟಗಾರ! ಒಂದೂವರೆ ವರ್ಷದ ಕ್ಯಾಂಟೀನ್ ಪಫ್ಸ್, ರಾತ್ರಿ ಮೂರರ ತನಕ ರೀಲ್ಸ್, ಎಲ್ಲಾ ಲೆಕ್ಕಕ್ಕೆ ಬಂತು. ನೀವೂ ಮಾಡಿ ನೋಡಿ. ಹೃದಯದ ತೊಂದರೆ ಇರೋರು, ಜ್ವರ ಇರೋರು ಬೇಡ.

ಅಕ್ಕ ನಕ್ಕಳು. ಜಗಲಿ ಮೂಲೇಲಿ ಎಲೆ ಅಡಿಕೆ ಹಾಕ್ತಾ ಕೂತಿದ್ದ ದೊಡ್ಡಪ್ಪನೂ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, ಯಾರನ್ನೂ ನೋಡದೆ ಕೈ ಚಾಚಿದರು. "ನಂದೂ ನೋಡು."

ಅಕ್ಕ ಅಪ್ಪನ ಮಣಿಕಟ್ಟು ಹಿಡಿದು ಎಣಿಸಿದಳು. ಎಷ್ಟು ಅಂತ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನೆ ಇಂಟರ್ನಲ್ಸ್ ಮುಗಿಸಿ ಊರಿಗೆ ಹೋದಾಗ ಮತ್ತೆ ಕಾಯಿ ಕೀಳ್ತಿದ್ರು. ಅಣ್ಣ ತೋಟದ ಬದುವಿನ ಮೇಲೆ ಕೂತು ನೀರು ಕುಡೀತಿದ್ದ. ಇಪ್ಪತ್ತು ಮರ ಆಗಿತ್ತು, ಉಳಿದದ್ದು ನಾಳೆ ಅಂದ. ತಿಪಟೂರಲ್ಲಿ ಡಾಕ್ಟರಿಗೂ ತೋರಿಸಿದ್ದಾನೆ. ದೊಡ್ಡಪ್ಪ ಎರಡು ದಿನದ ಕೂಲಿ ಎಣಿಸಿ ಇಟ್ಟಿದ್ದರು. ನಾನು ನೋಡಿದ್ದನ್ನ ನೋಡಿ ಗೊಣಗಿದರು:

"ಏನ್ ನೋಡ್ತೀಯ? ನಿಮ್ಮಕ್ಕನ ಫೀಸು ಇನ್ನೂ ಕಟ್ತಾನೇ ಇದೀನಿ."