ಹಳೇ ಗಾಳಿ ಬಂದೂಕಿನ ದುರ್ಬೀನು ಯಾಕ ಜಾರತೈತಿ

ಹೋದ ವರ್ಷ ಹತ್ತಿ ಬಿಡಸೋ ಹೊತ್ತಿನ್ಯಾಗ ನನ್ನಿಂದ ಒಂದು ತಪ್ಪಾತು. ಯಾವಗಲ್ಲಾಗ ಕೆಲವರಿಗೆ ಗೊತ್ತೈತಿ. ಆದರೂ ಬರೀತೀನಿ, ಯಾಕಂದ್ರ ನಮ್ಮ ಕಡೆ ಇನ್ನೂ ನಾಕೈದು ಮನ್ಯಾಗ ಇಂಥಾ ಬಂದೂಕ ಅದಾವ.

ಸೂರ್ಯಕಾಂತಿ ಕಾಳು ಕಟ್ಟುವಾಗ ಗಿಳಿ ಹಿಂಡ ಹಿಂಡ ಬರ್ತಾವ. ಮೊದಲ ಕವಣಿ ಬೀಸ್ತಿದ್ದೆ, ಈಗ ರಟ್ಟಿ ಬರೋದಿಲ್ಲ. ಅದಕ್ಕ ಹೊಲದ ನಡುವ ಹಳೇ ಎಣ್ಣಿ ಡಬ್ಬಿ ತಗಡು ತೂಗ ಹಾಕಿ, ಅಟ್ಟದ ಮ್ಯಾಲಿಂದ ಗಾಳಿ ಬಂದೂಕಿಲೆ ಆ ತಗಡಿಗೆ ಹೊಡೀತೀನಿ. ಟಣ್ ಅಂದ್ರ ಹಿಂಡು ಏಳ್ತದ. ಗಿಳಿಗೆ ಹೊಡಿಯಂಗಿಲ್ಲ, 1972ರ ವನ್ಯಜೀವಿ ಕಾಯ್ದೆ ಐತಿ. ಚಿಗರಿ ವಿಷಯ ಅಂತೂ ಕೇಳಬ್ಯಾಡ್ರಿ, ಅವು ಮೇಯ್ತಾವ, ನಾವು ನೋಡ್ತೀವಿ.

ಕಣ್ಣು ಮಂಜಾತು ಅಂತ ಮಗ ಬಂದೂಕಕ್ಕ ದುರ್ಬೀನು ಕೂಡಿಸಿ ಕೊಟ್ಟ. ನಾಕು ದಿನ ಛಲೋ ಇತ್ತು. ಆಮ್ಯಾಲ ಗುಂಡು ಒಮ್ಮೆ ಎಡಕ್ಕ, ಒಮ್ಮೆ ಮ್ಯಾಲ. ನಾ ಅದರ ಗುಂಡಿ ತಿರುವಿದೆ, ತಿರುವಿದೆ. ಒಂದಿನ ಗುಂಡು ತಗಡು ತಪ್ಪಿ ಬದುವಿನಾಚೆ ಹತ್ತಿ ಬಿಡಸೋ ಹೆಣ್ಣಮಕ್ಕಳ ನೀರಿನ ಕೊಡಕ್ಕ ಬಡೀತು. ಪ್ಲಾಸ್ಟಿಕ್ ಕೊಡ, ತೂತು ಬಿದ್ದು ನೀರು ಸೋರಾಕತ್ತು. ಪಕ್ಕದಾಗ ಒಂದು ಗೇಣಿನ್ಯಾಗ ಒಬ್ಬಾಕಿ ಕುಂತಿದ್ಲು. ಅವರು ಬೈದದ್ದು ಕಡಿಮೀನ. ಅವತ್ತು ರಾತ್ರಿ ರೊಟ್ಟಿ ಗಂಟಲಾಗ ಇಳೀಲಿಲ್ಲ.

ದುರ್ಬೀನು ಜಾರತೈತಿ ಅಂತ ಆಮ್ಯಾಲ ತಿಳೀತು. ನನ್ನ ಶಾಣ್ಯಾತನಕ್ಕ ಬಳಿ ಕೆಳಗ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದೆ. ರಬ್ಬರ್ ಅಮುಕತೈತಿ, ಇನ್ನೂ ಜಾಸ್ತಿ ಅಳ್ಳಾಡ್ತು. ಮಿಲ್ಟ್ರಿಯಿಂದ ರಿಟೈರ್ ಆದ ನಮ್ಮ ಬೀಗರು ಬಂದಾಗ ನೋಡಿ ನಕ್ಕರು. "ಬೀಗರ, ನಮ್ಮ ರೈಫಲ್ ಹಿಂದಕಷ್ಟ ಒದೀತಿತ್ತು. ಇದು ಸ್ಪ್ರಿಂಗಿಂದು, ಮೊದಲ ಹಿಂದಕ್ಕ, ಕೂಡ್ಲೇ ಮುಂದಕ್ಕ ಜಗ್ಗತೈತಿ" ಅಂದ್ರು. ಗೂಟ ಹಿಂದ ಮುಂದ ಅಳ್ಳಾಡಿಸಿ ಕಿತ್ತಂಗ ಅಂತ ನನಗ ಆವಾಗ ಹೊಳೀತು.

ಅವರು ಮೊದಲು ದುರ್ಬೀನು ಮುಟ್ಟಲಿಲ್ಲ. ಕಟ್ಟಿಗಿ ಹಿಡಿ ಸ್ಕ್ರೂ ನೋಡಿದ್ರು, ಎರಡು ಸಡಿಲ ಇದ್ದುವು. ಆಮ್ಯಾಲ ದುರ್ಬೀನು ಬಿಚ್ಚಿ, ಅದು ಕೂಡೋ ಗೀರಿನ್ಯಾಗಿನ ಹಳೇ ಎಣ್ಣಿ ಥಿನ್ನರ್ ಹಚ್ಚಿದ ಅರಿಬಿಲೆ ಒರೆಸಿ ಒಣಗಿಸಿದ್ರು. ಬಂದೂಕಿನ ಮ್ಯಾಲ ಒಂದು ಸಣ್ಣ ತೂತು ಇತ್ತು, ನಾ ಜಂಗು ಅಂತ ತಿಳಿದಿದ್ದೆ. ಬಳಿಯೊಳಗಿನ ಮೊಳಿ ಅದರಾಗ ಕೂಡಬೇಕಂತ. ಅದು ಕೂಡಿದ್ರ ಜಾರಂಗಿಲ್ಲ. ಸ್ಕ್ರೂ ಒಂದನ್ನ ಪೂರಾ ಬಿಗಿಯಂಗಿಲ್ಲ, ಇದನ್ನೊಂದಿಷ್ಟು, ಅದನ್ನೊಂದಿಷ್ಟು, ಟ್ರ್ಯಾಕ್ಟರ್ ಗಾಲಿ ನಟ್ಟು ಬಿಗಿದಂಗ. ಜೋರ ಮಾಡಿದ್ರ ದುರ್ಬೀನಿನ ನಳಿಗಿ ಚಪ್ಪಟಿ ಆಗತೈತಿ. ಕಡೀಕ ಸೊಸಿ ನೇಲ್ ಪಾಲಿಶ್ ಇಸ್ಕೊಂಡು ಬಳಿ ಮ್ಯಾಲಿಂದ ಬಂದೂಕಿನ ತನಕ ಒಂದು ಗೆರಿ ಎಳದ್ರು. ಗೆರಿ ತುಂಡಾಗಿ ಸರಿದ್ರ, ಜಾರೈತಿ ಅಂತ ಅರ್ಥ.

ಆಮ್ಯಾಲ ಕಾಗದಕ್ಕ ಐದು ಗುಂಡು. ಎಲ್ಲಾ ಒಂದ ಕಡೆ ಬಿದ್ದು ನಡುವಿಂದ ದೂರ ಇದ್ರಷ್ಟ ಗುಂಡಿ ತಿರುವಬೇಕು. ಚೆಲ್ಲಾಪಿಲ್ಲಿ ಬಿದ್ರ ಗುಂಡಿ ಮುಟ್ಟಬ್ಯಾಡ್ರಿ, ಎಲ್ಲೋ ಸಡಿಲ ಐತಿ.

ತಗಡಿನ ಹಿಂದ ಈಗ ಎದಿಮಟ ಮಣ್ಣಿನ ಒಡ್ಡು ಹಾಕೀನಿ, ತಗಡು ಸ್ವಲ್ಪ ಕೆಳಮುಖ ಬಾಗಿಸೀನಿ, ಗುಂಡು ಪುಟಿದ್ರೂ ಮಣ್ಣಿಗೆ ಹೋಗಲಿ ಅಂತ. ಬದುವಿನಾಚೆ ಯಾರಾರ ಕುಂತಿದ್ರ ಅವತ್ತು ಬಂದೂಕು ಮನ್ಯಾಗ. ಅವರಿಗೆ ಹೊಸಾ ಕೊಡ ಕೊಡಿಸೀನಿ. ತೂತ ಬಿದ್ದದ್ದು ನಮ್ಮ ಅಟ್ಟದ ಕಾಲಿಗೆ ಕಟ್ಟೀನಿ, ಇನ್ನೂ ಅಲ್ಲೇ ಐತಿ.