ಅಕ್ಕ ಕಲಿತ ಆಟ

ಬೋಧನಾಭ್ಯಾಸದ ಎರಡನೇ ವಾರ. ರಾತ್ರಿ ಪಾಠಯೋಜನೆ ಬರೆಯುತ್ತಿದ್ದೆ. ಒಂಬತ್ತನೇ ತರಗತಿಯ ತಮ್ಮ ಅಪ್ಪನ ಮೊಬೈಲಿನಲ್ಲಿ ಬಿಜಿಎಂಐ ಆಡುತ್ತಿದ್ದ. 2020ರಲ್ಲಿ ಪಬ್‌ಜಿ ನಿಷೇಧವಾದಾಗ ಅವ್ವ ನೆಮ್ಮದಿಪಟ್ಟಿದ್ದಳು. ಮರುವರ್ಷವೇ ಅದು ಈ ಹೆಸರಲ್ಲಿ ಬಂತು. ಊಟಕ್ಕೆ ಕರೆದು ಕರೆದು ಅವಳಿಗೆ ಸಾಕಾಗಿತ್ತು. ನಾನೇ ಮೊಬೈಲ್ ಕಿತ್ತುಕೊಂಡೆ.

"ಅಕ್ಕ, ಮೂರು ಜನ ನನ್ನ ನಂಬ್ಕೊಂಡವ್ರೆ!" ಎಂದವನು ಅತ್ತೇಬಿಟ್ಟ. ಆ ಮೂವರೂ ಸಂತೆಬಾಚಹಳ್ಳಿಯ ಹುಡುಗರೇ, ಅವನ ಸಹಪಾಠಿಗಳು. ಎರಡು ದಿನ ನನ್ನೊಡನೆ ಮಾತಿಲ್ಲ.

ಮೂರನೇ ದಿನ, "ನಂಗೂ ಹೇಳ್ಕೊಡು" ಎಂದೆ. ನೂರು ಜನ ಆಟಗಾರರು, ನಾಲ್ವರ ತಂಡ, ಕಿರಿದಾಗುತ್ತಾ ಬರುವ ವೃತ್ತ, ಅರ್ಧ ಗಂಟೆಯ ಆಟ. ನಾನು ಐದು ಸಲ ಸತ್ತೆ. ಒಮ್ಮೆಯೂ ನಗಲಿಲ್ಲ. "ಬಿಡಕ್ಕ, ಇನ್ನೊಂದ್ಸಲ" ಎನ್ನುತ್ತಿದ್ದ. ಅಂದು ಬೆಳಿಗ್ಗೆ ಭಿನ್ನರಾಶಿ ತಪ್ಪಿದ ಹುಡುಗನಿಗೆ ನಾನು ಹೇಳಿದ್ದು "ಕೂತ್ಕೋ" ಎಂದಷ್ಟೇ.

ಹೇಳಿಕೊಡುತ್ತಲೇ ಇನ್ನೊಂದನ್ನೂ ಬಾಯಿಬಿಟ್ಟ. ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿಯಿದೆ. ಅಪ್ಪನ ನಂಬರು, ಅಪ್ಪನ ವಯಸ್ಸು ಕೊಟ್ಟು ಅದನ್ನು ದಾಟಿದ್ದ. ಬಯ್ಯಲು ಬಾಯಿ ತೆರೆದವಳು ಸುಮ್ಮನಾದೆ. ಬೈದಿದ್ದರೆ ಮುಂದೆ ಏನನ್ನೂ ಹೇಳುತ್ತಿರಲಿಲ್ಲ. ಮರುದಿನ ಇಬ್ಬರೂ ಸೇರಿ ಅಪ್ಪನಿಗೆ ತಿಳಿಸಿದೆವು. ಅಪ್ಪ ರೇಗಿದರು, ಅದು ಬೇರೆ ಮಾತು.

ಈಗ ಆಟ ಶುರುವಾಗುವ ಮೊದಲೇ "ಅವ್ವಾ, ಅರ್ಧ ಗಂಟೆ" ಎಂದು ಕೂಗುತ್ತಾನೆ. ಅವ್ವ ಆಮೇಲೆ ಮುದ್ದೆಗೆ ಎಸರಿಡುತ್ತಾಳೆ. ಕೆಲವು ದಿನ ಎರಡನೇ ಆಟಕ್ಕೂ ಕೂರುತ್ತಾನೆ, ಆಗ ಜಗಳವೇ.

ಆ ಹುಡುಗನನ್ನು ಮತ್ತೆ ಹಲಗೆಯ ಬಳಿ ಕರೆದೆ. ಸೀಮೆಸುಣ್ಣ ಹಿಡಿದು ಮೊದಲು ನನ್ನ ಮುಖ ನೋಡಿದ.