ಹಂಪಿಯ ಬಂಡೆಗಳ ಲೆಕ್ಕ

ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನನಗೆ ಹೊಸಪೇಟೆಗೆ ವರ್ಗವಾಗಿತ್ತು. ಮದುವೆಯಾದ ವರ್ಷ, ಅಂದರೆ 1979ರಲ್ಲಿ, ನಾನೂ ನನ್ನ ಹೆಂಡತಿಯೂ ಹಂಪಿಗೆ ಹೋಗಿ ಮಾತಂಗ ಬೆಟ್ಟ ಹತ್ತಿದೆವು. ಹಾದಿಯ ಪಕ್ಕದ ಒಂದು ಬಂಡೆಗೆ ಒರಗಿ ಆಕೆ ತೆಗೆಸಿಕೊಂಡ ಕಪ್ಪು-ಬಿಳುಪು ಫೋಟೋ ಇನ್ನೂ ಮನೆಯಲ್ಲಿದೆ. ಬಂಡೆಯ ಸಣ್ಣ ಬಿರುಕಿನಲ್ಲಿ ಗೇಣುದ್ದದ ಅತ್ತಿಸಸಿ. "ಇದು ಮುಂದೆ ಈ ಕಲ್ಲನ್ನೇ ಸೀಳುತ್ತೆ ನೋಡಿ" ಎಂದಿದ್ದಳು. "ಹುಲ್ಲಿನಂಥ ಸಸಿ ಆನೆಯಂಥ ಕಲ್ಲನ್ನು ಸೀಳುತ್ತದೆಯೇ?" ಎಂದು ನಾನು ನಕ್ಕಿದ್ದೆ.

ಆಕೆ ಹೋಗಿ ನಾಲ್ಕು ವರ್ಷವಾಯಿತು. ಕಳೆದ ದಸರಾ ರಜೆಯಲ್ಲಿ ಆ ಫೋಟೋ ಹಿಡಿದು ಎಂಟನೇ ತರಗತಿಯ ಮೊಮ್ಮಗಳೊಂದಿಗೆ ಮತ್ತೆ ಹಂಪಿಗೆ ಹೋದೆ.

ಬಸ್ಸು ಕಮಲಾಪುರ ದಾಟುತ್ತಿದ್ದಂತೆ ಅವಳು ಕಿಟಕಿಗೆ ಅಂಟಿಕೊಂಡಳು. "ತಾತ, ಇಷ್ಟೊಂದು ಬಂಡೆ ಯಾರು ತಂದು ಪೇರಿಸಿದರು?"

"ವಾಲಿ ಸುಗ್ರೀವರು ಜಗಳವಾಡಿ ಎಸೆದರು ಅಂತ ಊರಿನವರ ಕಥೆ. ಇದು ಕಿಷ್ಕಿಂಧೆಯಲ್ಲವೇ?"

"ಕಥೆ ಸರಿ ತಾತ. ನಿಜ ಏನು?"

ಬಿ.ಕಾಂ. ಓದಿದ ನನಗೆ ಕಲ್ಲಿನ ವಿದ್ಯೆ ಎಲ್ಲಿಂದ ಬರಬೇಕು? ನಿವೃತ್ತಿಯ ನಂತರ ಓದಿ ತಿಳಿದಷ್ಟನ್ನು ಹೇಳಿದೆ. ಮಕ್ಕಳೇ, ನೀವೂ ಕೇಳಿ.

ಈ ಬಂಡೆಗಳನ್ನು ಯಾರೂ ತಂದಿಲ್ಲ, ಹುಟ್ಟಿದ ಜಾಗದಲ್ಲೇ ಇವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ಮೇಲಿದ್ದ ಭಾರ ಕಾಲಕ್ರಮೇಣ ಸವೆದುಹೋದಾಗ ಒಳಗಿನ ಕಲ್ಲು ಹಿಗ್ಗಿ, ಉದ್ದಕ್ಕೂ ಅಡ್ಡಕ್ಕೂ ಸೀಳು ಬಿಟ್ಟಿತು. ಬರ್ಫಿಗೆ ಚಾಕುವಿನಿಂದ ಗೆರೆ ಎಳೆದ ಹಾಗೆ ಎನ್ನಿ. ಆ ಸೀಳುಗಳಿಗೆ ಮಳೆನೀರು ಇಳಿಯಿತು. ಗಾಳಿಯಲ್ಲೂ ಮಣ್ಣಿನಲ್ಲೂ ಇರುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ಅದು ತೀರಾ ಮೆಲುವಾದ ಆಮ್ಲವಾಗುತ್ತದೆ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಅದು ಜೇಡಿಮಣ್ಣಾಗಿಸುತ್ತದೆ. ಗಟ್ಟಿಯಾದ ಕ್ವಾರ್ಟ್ಸ್ ಮಾತ್ರ ಮರಳಾಗಿ ಉಳಿಯುತ್ತದೆ. ಇದೇ ರಾಸಾಯನಿಕ ಶಿಥಿಲೀಕರಣ.

"ಅದಕ್ಕೆ ಬಂಡೆ ಯಾಕೆ ದುಂಡಗಾಗಬೇಕು?" ಮರುಪ್ರಶ್ನೆ ತಯಾರಿತ್ತು.

ಜೇಬಿನಲ್ಲಿದ್ದ ಕಲ್ಲುಸಕ್ಕರೆ ಕೊಟ್ಟು, "ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ತೆಗೆದು ನೋಡು" ಎಂದೆ. ಮೂಲೆಗಳೆಲ್ಲ ಸವೆದಿದ್ದವು! ಮೂಲೆಗೆ ಮೂರು ಕಡೆಯಿಂದ ನೀರಿನ ದಾಳಿ, ಅಂಚಿಗೆ ಎರಡು ಕಡೆಯಿಂದ, ನಡುವಿನ ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಚೌಕದ ಕಲ್ಲು ಗುಂಡಾಗುತ್ತದೆ. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗಟ್ಟಿ ತಿರುಳು ಮಾತ್ರ ಒಂದರ ಮೇಲೊಂದು ಪೇರಿಸಿದಂತೆ ಉಳಿಯುತ್ತದೆ.

ಹೇಮಕೂಟದ ಹಾಸುಬಂಡೆಯ ಮೇಲೆ ನಡೆದಾಗ ಇನ್ನೊಂದು ಬಗೆ ಕಂಡಿತು. ಕಲ್ಲು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಎದ್ದಿತ್ತು. ಭಾರ ಇಳಿದು ಹಿಗ್ಗಿದ್ದು ಒಂದು ಕಾರಣ. ಹಗಲ ಬಿಸಿಲಿಗೆ ಕಾದು ರಾತ್ರಿ ತಣಿಯುವುದೂ ಅದಕ್ಕೆ ಕೈಜೋಡಿಸುತ್ತದೆ. ಕಲ್ಲಿನ ಗುಣ ಬದಲಾಗದೆ ಬರಿಯ ಒಡೆಯುವ ಇದು ಭೌತಿಕ ಶಿಥಿಲೀಕರಣ.

"ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ತಾತ. ಇದೇ ಅದು ಅಂತ ಗೊತ್ತಿರಲಿಲ್ಲ" ಎಂದಳು.

ಮುಂದೆ ಒಂದು ಬಂಡೆಯ ಅಂಚಿನಲ್ಲಿ ಸಾಲಾಗಿ ಗುಳಿಗಳಿದ್ದವು. ವಿಜಯನಗರದ ಕಲ್ಲುಕುಟಿಗರು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಅವಳು ಅದನ್ನು ಸವರಿ, "ಈ ಅಂಚು ಇನ್ನೂ ಚೂಪಾಗಿದೆಯಲ್ಲ!" ಎಂದಳು. ನನಗದು ಹೊಳೆದಿರಲಿಲ್ಲ. ಆ ರಾಜಧಾನಿ ಹಾಳಾದದ್ದು 1565ರಲ್ಲಿ. ನಾಲ್ಕೂವರೆ ಶತಮಾನದ ಮಳೆ ಬಿಸಿಲಿಗೆ ಒಂದು ಅಂಚೂ ಮೊಂಡಾಗಿಲ್ಲ. ಹಾಗಾದರೆ ಪಕ್ಕದ ಬಂಡೆ ಗುಂಡಾಗಲು ಎಷ್ಟು ಕಾಲ ಬೇಕಾಯಿತೋ, ಲೆಕ್ಕ ಹಾಕಿ! ಪಿಗ್ಮಿ ಖಾತೆಗೆ ದಿನವೂ ಪುಡಿಗಾಸು ಕಟ್ಟುವವರನ್ನು ನಾನು ಬಹಳ ನೋಡಿದ್ದೇನೆ. ಮಳೆಯದೂ ಅದೇ ದಾರಿ. ಆದರೆ ಇಲ್ಲಿ ಅದು ಕಟ್ಟುವುದಿಲ್ಲ, ಬಂಡೆಯ ಖಾತೆಯಿಂದ ದಿನಕ್ಕಿಷ್ಟು ತೆಗೆಯುತ್ತದೆ.

ಮರುದಿನ ಬೆಳಿಗ್ಗೆ ಬೇಗನೆ ಮಾತಂಗ ಬೆಟ್ಟ ಹತ್ತಿದೆವು. ಮಂಡಿ ನೋವಿಗೆ ನಾನು ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದೆ. ಫೋಟೋ ಹಿಡಿದು ಮುಂದೆ ಹೋದವಳು ಕೂಗಿದಳು: "ತಾತ, ಸಿಕ್ಕಿತು!"

ಅದೇ ಬಂಡೆ. ಅತ್ತಿಯ ಬೇರು ನನ್ನ ತೋಳಿನಷ್ಟು ದಪ್ಪವಾಗಿ ಬಿರುಕಿನೊಳಗೆ ಇಳಿದಿತ್ತು. ಅಂದು ಹೆಬ್ಬೆರಳೂ ಹೋಗದ ಸೀಳು ಅದು. ಅವಳು ಕೈ ಹಾಕಲು ಹೋದಳು. "ಬೇಡ, ಚೇಳಿದ್ದೀತು" ಎಂದು ತಡೆದು ನನ್ನ ಕೊಡೆ ಇಳಿಸಿದೆ. ಹಿಡಿಯವರೆಗೂ ಹೋಯಿತು! ಬೇರೆಂದರೆ ಮೆತ್ತಗಿನದು ಎಂದುಕೊಂಡಿದ್ದೆ. ಬೆಳೆಯುವ ಬೇರು ಮಾತ್ರ ಕುಟಿಗನ ಬೆಣೆಯೇ. ಹಳೆಯ ಗೋಪುರಗಳ ಸಂದಿನಲ್ಲಿ ಹುಟ್ಟುವ ಆಲ, ಅರಳಿ ಸಸಿಗಳನ್ನು ಎಳೆಯದರಲ್ಲೇ ತೆಗೆಯಬೇಕಾಗುವುದು ಇದಕ್ಕೇ.

"ಹಾಗಾದರೆ ಅಜ್ಜಿ ಹೇಳಿದ್ದೇ ನಿಜ, ಅಲ್ವಾ ತಾತ?"

"ಹೌದು. ನಾನೇ ಸೋತೆ" ಎಂದೆ. ಆಕೆ ಇದ್ದಾಗಲೇ ಒಮ್ಮೆ ಬಂದು ಈ ಮಾತು ಹೇಳಬಹುದಿತ್ತು. ಹೊಸಪೇಟೆಯಿಂದ ವರ್ಗವಾದ ಮೇಲೆ ಪ್ರತಿ ವರ್ಷ ಮುಂದಿನ ವರ್ಷ ಎನ್ನುತ್ತಲೇ ಉಳಿದೆ.

ಮೊಮ್ಮಗಳು ಅದೇ ಜಾಗದಲ್ಲಿ ಬಂಡೆಗೆ ಒರಗಿ ನಿಂತಳು. ನಾನು ಫೋಟೋ ತೆಗೆದೆ.